ನಡುಗೋಡೆಯ ತೂತು, ಮಗುವಿನ ತೂಕ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಮೊದಲನೇ ಹೆಣ್ಣು ಮಗು, ಈಗ 24 ದಿನ. ಹುಟ್ಟಿದಾಗ 2.7 ಕೆ.ಜಿ. ಇತ್ತು. ಡಿಸ್ಚಾರ್ಜ್ ಮಾಡುವಾಗ ಎಲ್ಲ ಚೆನ್ನಾಗಿದೆ ಅಂದರು. ಕಾಮಾಲೆ ಇಳಿದಿದೆಯೋ ಇಲ್ಲವೋ ಎಂದು 15ನೇ ದಿನ ತೋರಿಸಲು ಹೋದಾಗ, ಎದೆಯಲ್ಲಿ ಏನೋ ಸದ್ದು ಕೇಳಿಸುತ್ತಿದೆ ಎಂದು ಎಕೋ (ಹೃದಯದ ಸ್ಕ್ಯಾನ್) ಬರೆದುಕೊಟ್ಟರು. ರಿಪೋರ್ಟಿನಲ್ಲಿ ‘5 ಮಿ.ಮೀ. ಪೆರಿಮೆಂಬ್ರೇನಸ್ ವಿಎಸ್‌ಡಿ, ಎಡದಿಂದ ಬಲಕ್ಕೆ ಷಂಟ್, ಗ್ರೇಡಿಯಂಟ್ 22, ಪಿಎಫ್‌ಓ’ ಎಂದಿದೆ. ಹೃದಯದಲ್ಲಿ ತೂತಿದೆ, ಆಪರೇಷನ್ ಬೇಕಾಗಬಹುದು, ಎರಡು ವಾರ ಬಿಟ್ಟು ಬನ್ನಿ ಅಂದರು. ತೂತು ಇದೆ ಎಂದ ಮೇಲೆ ಕಾಯುವುದು ಯಾಕೆ? ತಾನಾಗಿ ಮುಚ್ಚುತ್ತದೆಯೇ? ಹುಟ್ಟಿದಾಗಲೇ ಯಾಕೆ ಗೊತ್ತಾಗಲಿಲ್ಲ? ಅತ್ತಾಗ ಮುಖ ಕಪ್ಪಾಗುತ್ತದೆ, ಭಯವಾಗುತ್ತದೆ. ಐದನೇ ತಿಂಗಳಲ್ಲಿ ಗ್ರಹಣದ ದಿನ ಅಂಗಳಕ್ಕೆ ಬಂದಿದ್ದೆ, ಅದಕ್ಕೇ ಹೀಗಾಯಿತು ಅಂತ ಅತ್ತೆ ಅನ್ನುತ್ತಾರೆ. ನನ್ನನ್ನು ಕೊಟ್ಟಿರುವುದು ಸೋದರಮಾವನಿಗೇ, ಅತ್ತೆ ಅಂದರೆ ನನ್ನ ಅಜ್ಜಿ. ಸಂಬಂಧದಲ್ಲಿ ಮದುವೆಯಾಗಿದ್ದಕ್ಕೆ ಹೀಗಾಯಿತಾ?

ಉತ್ತರ: ಎಲ್ಲವನ್ನೂ ಬರೆದಿದ್ದೀರಿ ತಾಯಿ, ಮಿಲಿಮೀಟರ್ ಸಮೇತ. ಒಂದನ್ನು ಮಾತ್ರ ಬಿಟ್ಟಿದ್ದೀರಿ. ಮಗು ಈಗ ಎಷ್ಟು ತೂಗುತ್ತದೆ?

ನಿಮ್ಮನ್ನು ದೂರುತ್ತಿಲ್ಲ. ನನ್ನ ಮುಂದೆ ಬಂದು ಕೂರುವ ಹತ್ತರಲ್ಲಿ ಒಂಬತ್ತು ಜನ ಹೀಗೆಯೇ. ತೂತಿನ ಅಳತೆ ಬಾಯಿಪಾಠವಾಗಿರುತ್ತದೆ, ಮಗುವಿನ ತೂಕ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆದರೆ ಮುಂದಿನ ಮೂರು ತಿಂಗಳು ನಿಮಗೂ ನಿಮ್ಮ ಡಾಕ್ಟರಿಗೂ ದಾರಿ ತೋರಿಸುವುದು ಆ ತೂಕವೇ. ಯಾಕೆಂದು ತಿಳಿಯಬೇಕಾದರೆ ಮೊದಲು ಈ ತೂತು ಎಲ್ಲಿದೆ, ಏನು ಮಾಡುತ್ತಿದೆ ಎಂದು ನೋಡೋಣ.

‘ಹೃದಯದಲ್ಲಿ ತೂತು’ ಎಂಬ ಮಾತೇ ಅರ್ಧ ಜೀವ ತೆಗೆಯುತ್ತದೆ. ಕೊಡ ಒಡೆದ ಹಾಗೆ ರಕ್ತವೆಲ್ಲ ಎದೆಯೊಳಗೆ ಸೋರುತ್ತಿದೆ ಎಂದು ಎಷ್ಟೋ ಜನ ತಿಳಿದಿರುತ್ತಾರೆ. ಹಾಗೇನೂ ಇಲ್ಲ. ಹೃದಯದ ಹೊರಗೋಡೆ ಗಟ್ಟಿಯಾಗಿಯೇ ಇದೆ. ಒಳಗೆ ನಾಲ್ಕು ಕೋಣೆಗಳಿವೆ, ಮೇಲೆ ಎರಡು, ಕೆಳಗೆ ಎರಡು. ಕೆಳಗಿನ ಎಡಗೋಣೆ ಇಡೀ ಮೈಗೆ ರಕ್ತ ನೂಕುತ್ತದೆ, ಬಲಗೋಣೆ ಶ್ವಾಸಕೋಶಕ್ಕೆ. ಈ ಎರಡರ ನಡುವಿನ ಗೋಡೆಯಲ್ಲಿ ಕಿಂಡಿ ಉಳಿದುಬಿಟ್ಟರೆ ಅದು ವಿಎಸ್‌ಡಿ. ಹುಟ್ಟಿನಿಂದ ಬರುವ ಹೃದಯದೋಷಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಒಟ್ಟಾರೆ ಹೃದಯದೋಷಗಳು ಸುಮಾರು ನೂರು ಶಿಶುಗಳಲ್ಲಿ ಒಂದಕ್ಕೆ ಇರುತ್ತವೆ. ನಿಮ್ಮ ಊರಿನಲ್ಲಿ ನೀವೊಬ್ಬರೇ ಅನ್ನಿಸಬಹುದು, ತಾಲ್ಲೂಕಿನಲ್ಲಿ ಖಂಡಿತ ಒಬ್ಬರೇ ಅಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಏರಿ ಒಡೆದು ‘ಬೋಂಗಾ ಬಿತ್ತು’ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಅಕ್ಕಪಕ್ಕದಲ್ಲಿ ಎರಡು ಕಾಲುವೆ, ನಡುವೆ ಒಂದೇ ಏರಿ, ಆ ಏರಿಯಲ್ಲಿ ಬೋಂಗಾ ಬಿದ್ದಿದೆ ಎಂದುಕೊಳ್ಳಿ. ಎರಡರಲ್ಲೂ ನೀರು ಒಂದೇ ಮಟ್ಟದಲ್ಲಿದ್ದರೆ ಬೋಂಗಾ ಇದ್ದರೂ ನೀರು ಆಚೆ ಈಚೆ ಹರಿಯುವುದಿಲ್ಲ. ಒಂದರ ಮಟ್ಟ ಇಳಿಯಲಿ, ಆಗ ನೋಡಿ, ಸದ್ದು ಮಾಡುತ್ತಾ ನುಗ್ಗುತ್ತದೆ.

ನಿಮ್ಮ ಮಗುವಿನ ಎದೆಯಲ್ಲಿ ಆಗಿರುವುದು ಇದೇ. ಹೊಟ್ಟೆಯಲ್ಲಿದ್ದಾಗ ಮಗು ಉಸಿರಾಡುವುದಿಲ್ಲ, ಶ್ವಾಸಕೋಶದ ರಕ್ತನಾಳಗಳು ಮುದುಡಿಕೊಂಡು ಬಿಗಿಯಾಗಿರುತ್ತವೆ. ಹಾಗಾಗಿ ಬಲಗೋಣೆಯ ಒತ್ತಡವೂ ಎಡಗೋಣೆಯಷ್ಟೇ ಇರುತ್ತದೆ. ಹುಟ್ಟಿ ಮೊದಲ ಅಳು ಅತ್ತ ಮೇಲೆ ನಾಳಗಳು ಅರಳತೊಡಗುತ್ತವೆ. ಆದರೆ ಒಂದೇ ದಿನಕ್ಕೆ ಪೂರ್ತಿ ಅರಳುವುದಿಲ್ಲ, ಒತ್ತಡ ಇಳಿಯಲು ಕೆಲವು ವಾರಗಳೇ ಹಿಡಿಯುತ್ತವೆ. ಡಿಸ್ಚಾರ್ಜಿನ ದಿನ ಎರಡು ಕಾಲುವೆಗಳ ಮಟ್ಟ ಹೆಚ್ಚುಕಡಿಮೆ ಒಂದೇ ಇತ್ತು. ಹರಿವು ಇರಲಿಲ್ಲ, ಸದ್ದೂ ಇರಲಿಲ್ಲ. 15ನೇ ದಿನದ ಹೊತ್ತಿಗೆ ಬಲಗಡೆ ಇಳಿದಿತ್ತು, ಸದ್ದು ಬಂತು. ಮೊದಲು ನೋಡಿದವರು ಅಲಕ್ಷ್ಯ ಮಾಡಿದರು ಎಂದುಕೊಳ್ಳಬೇಡಿ. ಕಾಮಾಲೆ ನೋಡಲು ಹೋದಾಗ ಎದೆಗೂ ಸ್ಟೆತಸ್ಕೋಪ್ ಇಟ್ಟರಲ್ಲ, ಆ ಡಾಕ್ಟರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹೇಳಿ. ಬಸುರಿಯಲ್ಲಿ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಯಾಕೆ ಕಾಣಲಿಲ್ಲ ಎಂದರೆ, ಐದನೇ ತಿಂಗಳಲ್ಲಿ ಇಡೀ ಹೃದಯವೇ ದ್ರಾಕ್ಷಿ ಹಣ್ಣಿನ ಆಸುಪಾಸಿನದು. ಅದರ ನಡುಗೋಡೆಯಲ್ಲಿನ ಇಷ್ಟು ಸಣ್ಣ ಕಿಂಡಿ ಎಷ್ಟೋ ಸಲ ಕಣ್ತಪ್ಪುತ್ತದೆ.

ರಿಪೋರ್ಟಿಗೆ ಬರೋಣ. ಪಿಎಫ್‌ಓ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೊಟ್ಟೆಯೊಳಗೆ ಪ್ರತಿ ಮಗುವಿಗೂ ಮೇಲಿನ ಎರಡು ಕೋಣೆಗಳ ನಡುವೆ ಒಂದು ಬಾಗಿಲಿರುತ್ತದೆ, ಹುಟ್ಟಿದ ಮೇಲೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ದೊಡ್ಡವರಲ್ಲೂ ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಅಂಟಿಕೊಂಡಿರುವುದಿಲ್ಲ. ನಿಮಗೋ ನನಗೋ ಇದ್ದರೂ ಇರಬಹುದು.

‘5 ಮಿ.ಮೀ.’ ಎಂಬುದನ್ನು ಮಗುವಿನ ಅಳತೆಗೆ ಹಿಡಿದು ನೋಡಬೇಕು. ಈ ವಯಸ್ಸಿನಲ್ಲಿ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಬಾಯಿಯೇ 7 ಮಿ.ಮೀ. ಆಸುಪಾಸು ಇರುತ್ತದೆ. ಹಾಗಾಗಿ ಐದು ಎಂದರೆ ಸಣ್ಣದೆಂದು ತಳ್ಳಿಹಾಕುವಂಥದ್ದಲ್ಲ, ನಿಮ್ಮಿಂದ ಮುಚ್ಚಿಡುವುದಿಲ್ಲ. ‘ಪೆರಿಮೆಂಬ್ರೇನಸ್’ ಎಂದರೆ ಗೋಡೆಯ ಮೇಲ್ಭಾಗದಲ್ಲಿ, ಕವಾಟಗಳ ಪಕ್ಕದಲ್ಲಿ ಇದೆ ಎಂದು.

‘ಗ್ರೇಡಿಯಂಟ್ 22’ ಇದೆಯಲ್ಲ, ಅದನ್ನು ಬಹಳ ಜನ ತಿರುಗಾಮುರುಗಾ ಅರ್ಥ ಮಾಡಿಕೊಳ್ಳುತ್ತಾರೆ. ಅದು ಎರಡು ಕೋಣೆಗಳ ನಡುವಿನ ಒತ್ತಡದ ಅಂತರ, ಎರಡು ಕಾಲುವೆಗಳ ಮಟ್ಟದ ವ್ಯತ್ಯಾಸ ಇದ್ದ ಹಾಗೆ. ಮುಂದಿನ ಎಕೋದಲ್ಲಿ ಅದು 40, 50 ಆದರೆ ‘ಅಯ್ಯೋ ಏರಿಬಿಟ್ಟಿತು’ ಎಂದು ಅಳಬೇಡಿ. ಅಂತರ ಹೆಚ್ಚಿತು ಎಂದರೆ ಬಲಗಡೆಯ ಒತ್ತಡ ಇಳಿಯುತ್ತಿದೆ, ತೂತು ರಕ್ತವನ್ನು ಸಲೀಸಾಗಿ ಬಿಡದೆ ತಡೆಯುತ್ತಿದೆ ಎಂದರ್ಥ. ಅದು ಒಳ್ಳೆಯ ಸುದ್ದಿ. ಎರಡನೇ ತಿಂಗಳು ಮುಗಿದರೂ 22ರಲ್ಲೇ ನಿಂತಿದ್ದರೆ ಆಗ ಯೋಚಿಸಬೇಕು. ಸದ್ದಿನದೂ ಇದೇ ಕಥೆ. ಫ್ರಾನ್ಸಿನ ವೈದ್ಯ ಆನ್ರಿ ರೋಜೆ 1879ರಲ್ಲೇ ಬರೆದಿಟ್ಟಿದ್ದಾನೆ: ಸಣ್ಣ ತೂತಿನಿಂದ ಜೋರು ಸದ್ದು ಬರುತ್ತದೆ, ಮಗು ಗಟ್ಟಿಮುಟ್ಟಾಗಿರುತ್ತದೆ. ಇಂದಿಗೂ ಅಂಥ ತೂತಿಗೆ ಅವನ ಹೆಸರೇ ಇದೆ. ಹಾಗಾಗಿ ಯಾರಾದರೂ ಸ್ಟೆತಸ್ಕೋಪ್ ಇಟ್ಟು ‘ಬಹಳ ಜೋರಾಗಿದೆ’ ಅಂದರೆ ಅಷ್ಟಕ್ಕೇ ಕುಸಿಯಬೇಡಿ.

ತಾನಾಗಿ ಮುಚ್ಚುತ್ತದೆಯೇ? ಗೋಡೆಯ ಕೆಳಗಿನ ಮಾಂಸಖಂಡದ ಭಾಗದಲ್ಲಿರುವ ಸಣ್ಣ ತೂತುಗಳಲ್ಲಿ ಹೆಚ್ಚಿನವು ಒಂದೆರಡು ವರ್ಷದಲ್ಲಿ ತಾವಾಗಿಯೇ ಮುಚ್ಚುತ್ತವೆ. ನಿಮ್ಮ ಮಗುವಿಗೆ ಇರುವ ಜಾಗದಲ್ಲಿ ಅಷ್ಟು ಭರವಸೆ ಇಲ್ಲ, ಆದರೂ ಒಂದು ಅನುಕೂಲವಿದೆ. ಪಕ್ಕದ ಕವಾಟದ ಪದರ ಬಂದು ತೂತಿಗೆ ತೇಪೆಯಂತೆ ಅಂಟಿಕೊಂಡು ಅದನ್ನು ಕಿರಿದು ಮಾಡುವುದುಂಟು. 5 ಮಿ.ಮೀ. ಇದ್ದದ್ದು ವರ್ಷದೊಳಗೆ 2 ಮಿ.ಮೀ. ಆಗಿ, ಆಪರೇಷನ್ನಿನ ಮಾತೇ ನಿಂತುಹೋದ ಮಕ್ಕಳನ್ನು ಕಂಡಿದ್ದೇನೆ. ಮೂರು ತಿಂಗಳಿಗೇ ಕೊಯ್ಯಬೇಕಾಗಿ ಬಂದವರನ್ನೂ ಕಂಡಿದ್ದೇನೆ. ಇಬ್ಬರ ಮೊದಲ ರಿಪೋರ್ಟೂ ಒಂದೇ ತರಹ ಇತ್ತು. ನಿಮ್ಮ ಮಗು ಯಾವ ಸಾಲಿಗೆ ಎಂದು 24ನೇ ದಿನಕ್ಕೆ ಯಾರೂ ಹೇಳಲಾರರು. ‘ಎರಡು ವಾರ ಬಿಟ್ಟು ಬನ್ನಿ’ ಅಂದದ್ದು ಅದಕ್ಕೆ.

ಕಾಯುವುದೆಂದರೆ ಸುಮ್ಮನಿರುವುದಲ್ಲ. ಒಂದರಿಂದ ಎರಡೂವರೆ ತಿಂಗಳ ನಡುವಿನ ಅವಧಿಯೇ ಕಷ್ಟದ್ದು. ತೂತು ಕಿರಿದಾಗದೆ ಉಳಿದಿದ್ದರೆ, ಶ್ವಾಸಕೋಶದ ನಾಳಗಳು ಪೂರ್ತಿ ಅರಳಿದಾಗ ಬೋಂಗಾದಿಂದ ಹೆಚ್ಚು ರಕ್ತ ಆ ಕಡೆ ನುಗ್ಗುತ್ತದೆ. ಶ್ವಾಸಕೋಶ ನೆನೆದ ಹತ್ತಿಯಂತೆ ಭಾರವಾಗುತ್ತದೆ, ಹೃದಯ ಎರಡು ಪಾಲು ದುಡಿಯುತ್ತದೆ. ಹಾಲು ಕುಡಿಯುವುದೇ ಆ ಮಗುವಿಗೆ ಗುಡ್ಡ ಹತ್ತಿದಷ್ಟು ಆಯಾಸ. ಕುಡಿದ ಹಾಲೆಲ್ಲ ಆ ದುಡಿಮೆಗೇ ಖರ್ಚಾಗಿ ಮೈಗೆ ಹತ್ತುವುದಿಲ್ಲ. ತೂಕ ಕೇಳಿದ್ದು ಯಾಕೆಂದು ಈಗ ಗೊತ್ತಾಗಿರಬೇಕು.

ಮೊದಲ ವಾರ ಎಲ್ಲ ಶಿಶುಗಳೂ ಸ್ವಲ್ಪ ಇಳಿಯುತ್ತವೆ, ಎರಡು ವಾರದ ಹೊತ್ತಿಗೆ ಹುಟ್ಟುತೂಕಕ್ಕೆ ಮರಳುತ್ತವೆ. ಆಮೇಲೆ ದಿನಕ್ಕೆ 25ರಿಂದ 30 ಗ್ರಾಂ ಏರಬೇಕು. ಆ ಲೆಕ್ಕದಲ್ಲಿ ನಿಮ್ಮ ಮಗು ಇವತ್ತು 3 ಕೆ.ಜಿ. ಹತ್ತಿರ ಇರಬೇಕು. ವಾರಕ್ಕೊಂದು ದಿನ, ಅದೇ ಅಂಗನವಾಡಿಯ ಅದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ಈ ವಾರ ಅಲ್ಲಿ, ಮುಂದಿನ ವಾರ ಇನ್ನೆಲ್ಲೋ ಎಂದರೆ ತಕ್ಕಡಿಗಳ ವ್ಯತ್ಯಾಸವೇ 100 ಗ್ರಾಂ ಬಂದು ನಿಮ್ಮನ್ನೂ ನಮ್ಮನ್ನೂ ದಾರಿ ತಪ್ಪಿಸುತ್ತದೆ. ವಾರಕ್ಕೆ 150 ಗ್ರಾಂ ಏರುತ್ತಿದ್ದರೆ ನಿಶ್ಚಿಂತೆಯಿಂದಿರಿ. 100ಕ್ಕಿಂತ ಕಡಿಮೆಯಾದರೆ ಎರಡು ವಾರ ಕಾಯದೆ ಹೋಗಿ ತೋರಿಸಿ.

ಎರಡನೆಯದು ಉಸಿರು. ಮಗು ನಿದ್ದೆಯಲ್ಲಿದ್ದಾಗ ಹೊಟ್ಟೆ ಏರಿ ಇಳಿಯುವುದನ್ನು ಮೊಬೈಲಿನ ಗಡಿಯಾರ ಹಿಡಿದು ಪೂರಾ ಒಂದು ನಿಮಿಷ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಈ ವಯಸ್ಸಿನಲ್ಲಿ ಉಸಿರು ಒಮ್ಮೆ ಓಡುತ್ತದೆ, ಒಮ್ಮೆ ತಡೆಯುತ್ತದೆ. 60 ದಾಟಿದರೆ ಇನ್ನೊಮ್ಮೆ ಎಣಿಸಿ. ಮತ್ತೆ ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. ಮೂರನೆಯದು ಹಾಲು ಕುಡಿಯುವಾಗಿನ ಹಣೆ. ಫ್ಯಾನಿನ ಕೆಳಗೆ ಕೂತಾಗಲೂ ಹಣೆಯ ಮೇಲೆ ಬೆವರು ಹನಿಗಟ್ಟುತ್ತಿದ್ದರೆ, ನಾಲ್ಕು ಗುಟುಕು ಕುಡಿದು ಬಿಟ್ಟು ಏದುಸಿರು ಬಿಟ್ಟು ಮತ್ತೆ ಹಿಡಿಯುತ್ತಿದ್ದರೆ, ಐದು ನಿಮಿಷಕ್ಕೇ ಸುಸ್ತಾಗಿ ನಿದ್ದೆ ಹೋಗುತ್ತಿದ್ದರೆ ಅದು ಹೃದಯದ ದೂರು. ರಾಯಚೂರಿನ ಬೇಸಿಗೆಯಲ್ಲಿ ಯಾರು ಬೆವರುವುದಿಲ್ಲ ಎನ್ನುತ್ತೀರಿ, ನಿಜ. ಮೈಯೆಲ್ಲ ಬೆವರಿದರೆ ಅದು ಸೆಕೆ. ಮೈ ತಣ್ಣಗಿದ್ದು ಹಣೆ ಮಾತ್ರ ಒದ್ದೆಯಾದರೆ ನನಗೆ ಅನುಮಾನ.

ಪಕ್ಕೆ ಒಳಗೆ ಸೆಳೆದುಕೊಳ್ಳುತ್ತಿದ್ದರೆ, ನರಳುತ್ತಿದ್ದರೆ, ಎರಡು ಹೊತ್ತು ಹಾಲೇ ಬೇಡವೆಂದರೆ, ಆರೆಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ ಆಗ ಎಣಿಕೆ ಬೇಡ. ರಾತ್ರಿಯಾದರೂ ಸರಿ, ಹೊರಡಿ.

ಅತ್ತಾಗ ಮುಖ ಕಪ್ಪಾಗುವ ಬಗ್ಗೆ ಕೇಳಿದ್ದೀರಿ. ಎಡದಿಂದ ಬಲಕ್ಕೆ ಹರಿಯುತ್ತಿರುವುದು ಆಮ್ಲಜನಕ ತುಂಬಿದ ಶುದ್ಧ ರಕ್ತ. ಹಾಗಾಗಿ ಈ ದೋಷದಲ್ಲಿ ಮಗು ನೀಲಿಯಾಗುವುದಿಲ್ಲ. ಬಿಕ್ಕಿಬಿಕ್ಕಿ ಅತ್ತಾಗ ಯಾವ ಮಗುವಿನ ಮುಖವೂ ಕೆಂಪೇರಿ ಕಪ್ಪಿಡುತ್ತದೆ, ಚಳಿಗೆ ಅಂಗೈ ಅಂಗಾಲು ನೀಲಿಯಾಗುತ್ತವೆ. ನೀವು ನೋಡಬೇಕಾದದ್ದು ನಾಲಿಗೆ. ಅದು ಗುಲಾಬಿಯಾಗಿದ್ದರೆ ಸರಿ. ನೇರಳೆ ಹಣ್ಣು ತಿಂದ ಹಾಗಿದ್ದರೆ ಕೂಡಲೇ ತೋರಿಸಿ. ನಿಜವಾದ ‘ನೀಲಿ ಮಗು’ವಿನ ದೋಷಗಳೇ ಬೇರೆ. ಹುಟ್ಟಿದ 24 ಗಂಟೆಯ ಮೇಲೆ ಬಲಗೈಗೂ ಕಾಲಿಗೂ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುವುದು ಅಂಥವನ್ನು ಹಿಡಿಯಲಿಕ್ಕೆ. ವಿಎಸ್‌ಡಿ ಮಗು ಆ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ.

ಎದೆಹಾಲನ್ನು ಯಾವ ಕಾರಣಕ್ಕೂ ಬಿಡಿಸಬೇಡಿ. ಎರಡು ಗಂಟೆಗೊಮ್ಮೆ, ಸ್ವಲ್ಪ ಸ್ವಲ್ಪ, ತಲೆ ತುಸು ಎತ್ತರಕ್ಕೆ ಹಿಡಿದು ಕುಡಿಸಿ. ಎದೆಯಿಂದ ಚೀಪಿ ಸುಸ್ತಾಗುತ್ತಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ. ನಿಮ್ಮ ಅಜ್ಜಿಗೆ ಒಳಲೆ ಹಿಡಿಯುವ ಕೈ ಇರುತ್ತದೆ, ಗ್ರಹಣದ ವಿಷಯಕ್ಕಿಂತ ಇದರಲ್ಲಿ ಅವರ ಮಾತು ಕೇಳಿ. ಬಾಟಲಿ ಬೇಡ. ತೂಕ ಸಾಲದಿದ್ದರೆ ಹಿಂಡಿದ ಹಾಲಿಗೆ ಏನು ಬೆರೆಸಬೇಕೆಂದು ಡಾಕ್ಟರು ಹೇಳುತ್ತಾರೆ, ನೀವಾಗಿ ಹಸುವಿನ ಹಾಲು, ರಾಗಿ ಮಣ್ಣಿ ಶುರು ಮಾಡಬೇಡಿ.

ಎರೆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಮಗುವನ್ನು ಹೊಗೆಗೆ ಹಿಡಿಯುವುದನ್ನು ಇವತ್ತೇ ನಿಲ್ಲಿಸಿ. ಈಗಾಗಲೇ ಭಾರವಾಗುತ್ತಿರುವ ಶ್ವಾಸಕೋಶಕ್ಕೆ ಹೊಗೆ ಬೇಡವೇ ಬೇಡ. ಬಜೆ ತೇಯ್ದು ನೆಕ್ಕಿಸುವುದೂ ಬೇಡ. ಏದುಸಿರಿಗೆ ಬರೆ ಹಾಕಿಸಿಕೊಂಡು ಬಂದ ಕೂಸುಗಳನ್ನು ನೋಡಿದ್ದೇನೆ, ಹೊಟ್ಟೆಯ ಮೇಲಿನ ಆ ಗಾಯಕ್ಕೆ ನಂಜೇರಿ ಆಪರೇಷನ್ ತಿಂಗಳು ಮುಂದೆ ಹೋದದ್ದಿದೆ. ದೃಷ್ಟಿ ತೆಗೆಯುತ್ತಾರೋ, ತಾಯಿತ ಕಟ್ಟುತ್ತಾರೋ, ಅದರಿಂದ ಹೃದಯಕ್ಕೇನೂ ಆಗುವುದಿಲ್ಲ, ಆ ಜಗಳ ಆಡಬೇಡಿ. ತೊಟ್ಟಿಲ ಶಾಸ್ತ್ರಕ್ಕೆ ಊರನ್ನೆಲ್ಲ ಕರೆಯುವುದನ್ನು ಮಾತ್ರ ಮುಂದೆ ಹಾಕಿ. ನೆಗಡಿ ಇದ್ದವರು ಎತ್ತಿ ಮುದ್ದಾಡಿದರೆ ಅವರಿಗೆ ನೆಗಡಿ, ನಿಮ್ಮ ಮಗುವಿಗೆ ನ್ಯುಮೋನಿಯಾ. ಆರನೇ ವಾರದ ಲಸಿಕೆಗಳನ್ನು ಒಂದು ದಿನವೂ ತಡಮಾಡದೆ ಹಾಕಿಸಿ. ‘ಹೃದಯದ ಮಗು, ಸೂಜಿ ಬೇಡ’ ಎನ್ನುವವರು ಸಿಗುತ್ತಾರೆ. ಈ ಮಗುವಿಗೆ ಲಸಿಕೆ ಬೇರೆಯವರಿಗಿಂತ ಹೆಚ್ಚು ಬೇಕು.

ಇನ್ನು ಗ್ರಹಣ. ಮಗುವಿನ ಹೃದಯ ಕಟ್ಟುವ ಕೆಲಸ ಮೂರನೇ ವಾರಕ್ಕೆ ಶುರುವಾಗಿ, ನಡುಗೋಡೆ ಎಂಟನೇ ವಾರದ ಹೊತ್ತಿಗೆ ಮುಗಿಯುತ್ತದೆ. ಆಗ ನಿಮಗೆ ಮುಟ್ಟು ತಪ್ಪಿದ್ದು ಗೊತ್ತಾಗಿ ಸ್ವಲ್ಪ ದಿನ ಆಗಿರಬಹುದು ಅಷ್ಟೆ. ಐದನೇ ತಿಂಗಳಲ್ಲಿ ನೀವು ಅಂಗಳಕ್ಕೆ ಬರುವ ಮೊದಲೇ ಆ ಗೋಡೆ ಹೇಗಿರಬೇಕೋ ಹಾಗೆ ಆಗಿಹೋಗಿತ್ತು. ಅಜ್ಜಿಗೆ ಈ ತಿಂಗಳ ಲೆಕ್ಕವನ್ನೇ ಹೇಳಿ. ಏಳು ಬೀಳು ಕಂಡ ಹೆಂಗಸರಿಗೆ ಲೆಕ್ಕ ಬೇಗ ಅರ್ಥವಾಗುತ್ತದೆ.

ಸೋದರಿಕೆಯ ಪ್ರಶ್ನೆಗೆ ಅಷ್ಟು ಸಲೀಸಾದ ಉತ್ತರವಿಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೃದಯದೋಷ ಸ್ವಲ್ಪ ಹೆಚ್ಚು, ನಿಜ. ಆದರೆ ನಿಮ್ಮ ಮಗುವಿನ ತೂತು ಅದರಿಂದಲೇ ಬಂತೇ ಎಂದರೆ ಯಾರೂ ಹೇಳಲಾರರು. ಯಾವ ಸಂಬಂಧವೂ ಇಲ್ಲದ ತಂದೆತಾಯಿಗೂ ಇಂಥ ಮಕ್ಕಳು ಹುಟ್ಟುತ್ತವೆ, ಬಹುಪಾಲು ಮಕ್ಕಳಲ್ಲಿ ಕಾರಣವೇ ಸಿಗುವುದಿಲ್ಲ. ಬಸುರಿಯ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳಲ್ಲಿ ಬಂದ ರುಬೆಲ್ಲಾ, ಮೂರ್ಛೆರೋಗದ ಕೆಲವು ಮಾತ್ರೆಗಳು ಗೊತ್ತಿರುವ ಕಾರಣಗಳು. ನಿಮಗೆ ಅವು ಇದ್ದ ಹಾಗೆ ಕಾಣುವುದಿಲ್ಲ. ಮುಂದಿನ ಬಸುರಿಯಲ್ಲಿ ಒಂದು ಕೆಲಸ ಮಾಡಿ: 18ರಿಂದ 22 ವಾರದೊಳಗೆ ಮಗುವಿನ ಹೃದಯದ ಸ್ಕ್ಯಾನ್, ಅಂದರೆ ಫೀಟಲ್ ಎಕೋ ಮಾಡಿಸಿ. ಈ ಕಾರಣಕ್ಕೆ ಗಂಡಹೆಂಡತಿ ಮಾತು ಬಿಡುವುದು, ತವರಿಗೂ ಗಂಡನ ಮನೆಗೂ ಜಗಳವಾಗುವುದು ಬೇಡ. ನಿಮ್ಮಲ್ಲಿ ಎರಡೂ ಒಂದೇ ಮನೆ ಬೇರೆ.

ಉಸಿರು ಹೆಚ್ಚಾದರೆ ಮೊದಲು ಔಷಧ ಕೊಡುತ್ತಾರೆ. ಹೆಚ್ಚಿನ ನೀರನ್ನು ಉಚ್ಚೆಯಲ್ಲಿ ಇಳಿಸುವ ಫ್ರುಸೆಮೈಡ್, ಹೃದಯದ ಹೊರೆ ತಗ್ಗಿಸುವ ಇನ್ನೊಂದೆರಡು. ಅವು ತೂತನ್ನು ಮುಚ್ಚುವುದಿಲ್ಲ, ಮಗುವಿಗೆ ಬೆಳೆಯಲು ಸಮಯ ಕೊಡುತ್ತವೆ. ಪ್ರಮಾಣ ತೂಕದ ಮೇಲೆ ನಿಂತಿರುತ್ತದೆ, ತಿಂಗಳ ಹಿಂದಿನ ಚೀಟಿಯನ್ನೇ ಮುಂದುವರಿಸಬೇಡಿ. ಭೇದಿಯಾದರೆ ತಿಳಿಸಿ.

ಔಷಧ ಕೊಟ್ಟರೂ ತೂಕ ಏರದಿದ್ದರೆ ಆಪರೇಷನ್. ದೊಡ್ಡ ತೂತಿದ್ದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ತಡವೆಂದರೂ ವರ್ಷದೊಳಗೆ. ‘ಇಷ್ಟು ಚಿಕ್ಕ ಕೂಸಿಗೆ ಹೇಗೆ, ಸ್ವಲ್ಪ ದೊಡ್ಡದಾಗಲಿ’ ಎನ್ನುವುದು ಕರುಳಿನ ಮಾತು. ಆದರೆ ದೊಡ್ಡ ತೂತನ್ನು ವರ್ಷಗಟ್ಟಲೆ ಬಿಟ್ಟರೆ ಹೆಚ್ಚು ರಕ್ತದ ಹೊಡೆತಕ್ಕೆ ಶ್ವಾಸಕೋಶದ ನಾಳಗಳು ದಪ್ಪಗಟ್ಟಿ ಹೋಗುತ್ತವೆ. ಆಗ ಉಸಿರಾಟ ಸರಿಹೋದಂತೆ ಕಾಣುತ್ತದೆ, ಮನೆಯವರು ಗುಣವಾಯಿತು ಎಂದುಕೊಳ್ಳುತ್ತಾರೆ. ಹತ್ತು ಹನ್ನೆರಡನೇ ವಯಸ್ಸಿಗೆ ತುಟಿ ನೀಲಿಯಾಗಿ ಬರುತ್ತಾರೆ. ಅದಕ್ಕೆ ಐಸೆನ್‌ಮೆಂಗರ್ ಎನ್ನುತ್ತೇವೆ. ಆ ಹಂತದಲ್ಲಿ ತೂತು ಮುಚ್ಚಿದರೆ ಜೀವಕ್ಕೇ ಅಪಾಯ. ಈ ಒಂದು ತಡದಿಂದ ಕೈಬಿಟ್ಟು ಹೋದ ಮಕ್ಕಳ ಮುಖಗಳು ನನಗೆ ಇನ್ನೂ ನೆನಪಿವೆ.

ಆಪರೇಷನ್ನಿನಲ್ಲಿ ಎದೆಯ ನಡುಮೂಳೆ ತೆರೆದು, ಹೃದಯದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ತೂತಿಗೆ ತೇಪೆ ಹಾಕಿ ಹೊಲಿಯುತ್ತಾರೆ. 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ವಾಲ್ಟನ್ ಲಿಲೇಹೈ ಎಂಬ ಸರ್ಜನ್ ಮೊದಲ ಬಾರಿ ಹೀಗೆ ವಿಎಸ್‌ಡಿ ಮುಚ್ಚಿದಾಗ ನೆಚ್ಚುವಂಥ ಯಂತ್ರವಿರಲಿಲ್ಲ. ಪಕ್ಕದ ಮೇಜಿನ ಮೇಲೆ ತಂದೆಯನ್ನು ಮಲಗಿಸಿ, ಕೊಳವೆಗಳ ಮೂಲಕ ತಂದೆಯ ಹೃದಯ, ಶ್ವಾಸಕೋಶಗಳಿಂದಲೇ ಮಗುವಿಗೆ ರಕ್ತ ಹರಿಸಿದರು. ಆ ಮೊದಲ ಕೂಸು ಕೆಲವೇ ದಿನಕ್ಕೆ ನ್ಯುಮೋನಿಯಾದಿಂದ ತೀರಿಕೊಂಡಿತು, ಆಮೇಲಿನ ಎಷ್ಟೋ ಮಕ್ಕಳು ಬದುಕಿದವು. ಇಂದು ಪಳಗಿದ ಆಸ್ಪತ್ರೆಗಳಲ್ಲಿ ಬರೀ ವಿಎಸ್‌ಡಿ ಇರುವ ಮಕ್ಕಳಲ್ಲಿ ನೂರಕ್ಕೆ 98 ಅಥವಾ ಅದಕ್ಕೂ ಹೆಚ್ಚು ಮಕ್ಕಳು ಚೆನ್ನಾಗಿ ಮನೆಗೆ ಹೋಗುತ್ತಾರೆ. ನೂರರಲ್ಲಿ ಒಂದೆರಡು ಮಕ್ಕಳಿಗೆ ಹೊಲಿಗೆ ಹೃದಯದ ಮಿಡಿತದ ತಂತುವಿಗೆ ತಾಗಿ ಪೇಸ್‌ಮೇಕರ್ ಬೇಕಾಗಬಹುದು, ಒಪ್ಪಿಗೆಗೆ ಸಹಿ ಹಾಕುವಾಗ ಅದನ್ನೂ ಕೇಳಿ ತಿಳಿದುಕೊಳ್ಳಿ. ಮನೆಗೆ ಬಂದ ಮೇಲೆ ಆರು ವಾರ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಬಾರದು. ಕತ್ತಿನ ಕೆಳಗೆ ಒಂದು ಕೈ, ಅಂಡಿನ ಕೆಳಗೆ ಒಂದು ಕೈ ಕೊಟ್ಟು ಎತ್ತಬೇಕು, ಮೂಳೆ ಕೂಡಬೇಕಲ್ಲ.

ಹಣದ ಬಗ್ಗೆ ನೀವು ಕೇಳಿಲ್ಲ, ಸಂಕೋಚಕ್ಕೆ ಇರಬಹುದು. ಜಮೀನು ಒತ್ತೆಯಿಡುವ ಮೊದಲು ಆಶಾ ಕಾರ್ಯಕರ್ತೆಯನ್ನು ಕರೆದು ಆರ್‌ಬಿಎಸ್‌ಕೆ ತಂಡಕ್ಕೆ ತಿಳಿಸಲು ಹೇಳಿ. 2013ರಲ್ಲಿ ಶುರುವಾದ ಈ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಹೃದಯದೋಷವೂ ಇದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾಗುತ್ತದೆ. ಮಗುವಿನ ಜನನ ಪ್ರಮಾಣಪತ್ರವನ್ನು ಈ ವಾರವೇ ಮಾಡಿಸಿ, ಕೊನೇ ಗಳಿಗೆಯಲ್ಲಿ ಓಡಾಡುವುದೆಲ್ಲ ಅದೊಂದಕ್ಕೇ. ಜಯದೇವ ಆಸ್ಪತ್ರೆ ಬೆಂಗಳೂರಿನಲ್ಲಷ್ಟೇ ಅಲ್ಲ, ನಿಮಗೆ ಹತ್ತಿರದ ಕಲಬುರಗಿಯಲ್ಲೂ ಇದೆ. ಮಕ್ಕಳ ಹೃದಯತಜ್ಞರು ಯಾವ ದಿನ ಸಿಗುತ್ತಾರೆ ಎಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಿ. ಬೆಂಗಳೂರು ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಹಣ ತೆಗೆದುಕೊಳ್ಳುವುದಿಲ್ಲ, ಸರದಿ ಇರುತ್ತದೆ. ಆಪರೇಷನ್ ಬೇಕೇ ಬೇಕು ಎಂದು ತೀರ್ಮಾನವಾಗುವ ತನಕ ಕಾಯದೆ ಈಗಲೇ ಒಮ್ಮೆ ತೋರಿಸಿ ಹೆಸರು ಬರೆಸಿಟ್ಟುಕೊಳ್ಳುವುದು ನನ್ನ ಸಲಹೆ. ತೂತು ತಾನಾಗಿ ಕಿರಿದಾದರೆ ಹೆಸರು ತೆಗೆಸಿದರಾಯಿತು.

ಎರಡು ವಾರದ ಎಕೋ ಆದ ಮೇಲೆ ಮತ್ತೆ ಬರೆಯಿರಿ. ರಿಪೋರ್ಟಿನ ಜೊತೆ ತಾಯಿ ಕಾರ್ಡಿನ ತೂಕದ ಪುಟದ ಫೋಟೋವನ್ನೂ ಕಳಿಸಿ. ನಾನು ಮೊದಲು ನೋಡುವುದು ಅದನ್ನು.